ಕೊಳ್ಳೋದೋ, ಲೈಬ್ರರಿಯಿಂದ ತರೋದೋ?

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ಫೋನಿನ ಸ್ಕ್ರೀನ್ ರೀಡರ್‌ನಲ್ಲಿ ಕೇಳಿಸಿಕೊಂಡು ಓದುತ್ತೇನೆ. ಇಷ್ಟು ದಿನ, ಮುದ್ರಿತ ಪುಸ್ತಕ ಓದಲಾಗದವರಿಗಾಗಿಯೇ ಇರುವ ಆನ್‌ಲೈನ್ ಲೈಬ್ರರಿ ಬುಕ್‌ಶೇರ್‌ನಿಂದ ಪುಸ್ತಕ ಇಳಿಸಿಕೊಳ್ಳುತ್ತಿದ್ದೆ. ಈಗ ನನ್ನದೇ ಸಂಪಾದನೆ ಇದೆ. ಪುಕ್ಕಟೆ ಪುಸ್ತಕ ಸಾಕು, ಎಲ್ಲರ ಹಾಗೆ ದುಡ್ಡು ಕೊಟ್ಟು ಓದೋಣ ಅನ್ನಿಸುತ್ತಿದೆ. ಪೂರ್ತಿ ಅಮೆಜಾನಿನ ಇ-ಪುಸ್ತಕದ ಅಂಗಡಿ ಕಿಂಡಲ್‌ಗೆ ಹೋಗಿಬಿಡಲೇ?

ಉತ್ತರ: ಕೊಳ್ಳಿ, ಧಾರಾಳವಾಗಿ ಕೊಳ್ಳಿ. ಬರೆದವರಿಗೂ ನಾಲ್ಕು ಕಾಸು ಸಿಗಲಿ. ಆದರೆ ಲೈಬ್ರರಿಯ ಸದಸ್ಯತ್ವ ಬಿಡಬೇಡಿ.

ಆ 'ಪುಕ್ಕಟೆ' ಅನ್ನೋ ಸಂಕೋಚವನ್ನು ಮೊದಲು ಪಕ್ಕಕ್ಕಿಡಿ. ಇದು ಯಾರೋ ಕೊಟ್ಟ ದಾನ ಅಲ್ಲ. ಮುದ್ರಿತ ಪುಸ್ತಕ ಓದಲಾಗದವರಿಗೆ ಬೇರೆ ರೂಪದಲ್ಲಿ ಪ್ರತಿ ಮಾಡಿಕೊಡಬಹುದು, ಅದನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೂ ಕಳಿಸಬಹುದು ಅಂತ 2013ರ ಮರ್ರಾಕೇಶ್ ಒಪ್ಪಂದ ಹೇಳುತ್ತದೆ. 2016ರಿಂದ ಅದು ಜಾರಿಯಲ್ಲಿದೆ. ಕಾನೂನು ಕೊಟ್ಟ ಹಕ್ಕಿಗೆ ನಾಚಿಕೆ ಯಾಕೆ? ಅಲ್ಲದೆ ಎಷ್ಟೋ ಜನ ಬುಕ್‌ಶೇರ್‌ಗೂ ವರ್ಷದ ಚಂದಾ ಕಟ್ಟುತ್ತಾರೆ.

ಇನ್ನು ಅಂಗಡಿಯ ವಿಷಯ. 2009ರಲ್ಲಿ ಕಿಂಡಲ್ 2 ಅನ್ನೋ ಇ-ಪುಸ್ತಕ ಓದುವ ಯಂತ್ರ ಬಂದಾಗ ಅದು ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಇದು ಆಡಿಯೋ ಪುಸ್ತಕದ ವ್ಯಾಪಾರಕ್ಕೆ ಹೊಡೆತ ಅಂತ ಅಮೆರಿಕದ ಲೇಖಕರ ಸಂಘ ತಕರಾರು ತೆಗೆಯಿತು. ಕೊನೆಗೆ ಬೇಡ ಅಂದವರು ತಮ್ಮ ಪುಸ್ತಕದ ದನಿ ಬಂದ್ ಮಾಡಬಹುದು ಅಂತಾಯಿತು. ದುಡ್ಡು ಕೊಡುತ್ತೇವೆ ಅಂದರೂ ನಮಗೆ ಓದೋಕೆ ಬಿಡದ ಕಾಲ ಅದು! ಐಫೋನಿನ ಕಿಂಡಲ್ ಆ್ಯಪ್, ಆ ಫೋನಿನದೇ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್ ಜೊತೆ ಸರಿಯಾಗಿ ಮಾತಾಡಿದ್ದು 2013ರಲ್ಲಿ. ಈಗ ಪರವಾಗಿಲ್ಲ, ಚೆನ್ನಾಗಿಯೇ ಇದೆ. ಯುರೋಪಿನಲ್ಲಂತೂ 2025ರ ಜೂನ್ 28ರಿಂದ ಇ-ಪುಸ್ತಕ ಎಲ್ಲರಿಗೂ ಓದಲು ಬರುವಂತಿರಬೇಕು ಅನ್ನುವ ಕಾನೂನೇ ಜಾರಿಗೆ ಬಂದಿದೆ.

ಹಾಗಾಗಿ ಎಲ್ಲಿಂದ ತರಬೇಕು ಅನ್ನೋದಕ್ಕಿಂತ ಆ ಪುಸ್ತಕದಿಂದ ನಿಮಗೇನು ಕೆಲಸ ಅನ್ನೋದನ್ನು ನೋಡಿ. ಹೊಸ ಕಾದಂಬರಿ, ಮೊದಲಿಂದ ಕೊನೆಯವರೆಗೆ ಒಂದೇ ಸಮ ಓದಿ ಮುಗಿಸುವಂಥದ್ದು ಆದರೆ ನಾನು ಹಿಂದೆ ಮುಂದೆ ನೋಡದೆ ಕೊಂಡುಬಿಡುತ್ತೇನೆ. ಬಿಡುಗಡೆಯಾದ ದಿನವೇ ಸಿಗುತ್ತದೆ, ಅಕ್ಷರವೂ ಶುದ್ಧವಾಗಿರುತ್ತದೆ. ಲೈಬ್ರರಿಯಲ್ಲಿ ಪ್ರಕಾಶಕರೇ ಕೊಟ್ಟ ಫೈಲ್ ಇದ್ದರೆ ಅದೂ ಅಷ್ಟೇ ಶುದ್ಧ, ಆದರೆ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಾಕಿರುತ್ತಾರೆ, ಅಲ್ಲಿ ಸ್ವಲ್ಪ ತಾಳ್ಮೆ ಬೇಕು. ಇಂಗ್ಲಿಷಿನ ಆರ್ ಮತ್ತು ಎನ್ ಅಂಟಿಕೊಂಡು ಎಮ್ ಆಗಿ, 'ಮಾಡರ್ನ್' ಅನ್ನೋದು 'ಮೋಡೆಮ್' ಆಗಿಬಿಡುತ್ತದೆ. ಪ್ರತಿ ಪುಟದ ತಲೆಯ ಮೇಲಿನ ಅಧ್ಯಾಯದ ಹೆಸರು ವಾಕ್ಯದ ನಡುವೆ ನುಗ್ಗಿಬರುತ್ತದೆ. ನಾಯಕಿ ಬಾಗಿಲು ತೆಗೆಯುವಷ್ಟರಲ್ಲಿ 'ಅಧ್ಯಾಯ ಏಳು, ನೂರಾ ನಲವತ್ತೊಂದು' ಅಂದರೆ ಯಾರಿಗೆ ರಸಭಂಗ ಆಗಲ್ಲ ಹೇಳಿ!

ಪರೀಕ್ಷೆಗೆ ಓದುವುದು, ಬೇಕಾದ ಕಡೆ ಹುಡುಕಿ ಹೋಗುವುದು, ಬ್ರೈಲ್‌ನಲ್ಲಿ ಓದುವುದು, ಇವಕ್ಕೆಲ್ಲ ನನ್ನ ಓಟು ಲೈಬ್ರರಿಗೇ. ಡೈಸಿ (ಕಣ್ಣು ಕಾಣದವರಿಗಾಗಿ ರೂಪಿಸಿದ ಡಿಜಿಟಲ್ ಪುಸ್ತಕದ ಮಾದರಿ) ಆದರೆ ಅಧ್ಯಾಯದಿಂದ ಅಧ್ಯಾಯಕ್ಕೆ, ಉಪಶೀರ್ಷಿಕೆಯಿಂದ ಉಪಶೀರ್ಷಿಕೆಗೆ ಹಾರಬಹುದು. ಬ್ರೈಲ್ ಲಿಪಿಯಲ್ಲೇ ಇರುವ ಬಿಆರ್‌ಎಫ್ ಫೈಲನ್ನು ನೇರ ಬ್ರೈಲ್ ಯಂತ್ರಕ್ಕೆ ಹಾಕಿಕೊಂಡು, ಫೋನ್ ಪಕ್ಕಕ್ಕಿಟ್ಟು ಬೆರಳಲ್ಲೇ ಓದಬಹುದು. ಕೊಂಡ ಪುಸ್ತಕವನ್ನು ಆ್ಯಪ್ ಮೂಲಕ ಬ್ರೈಲ್‌ನಲ್ಲಿ ಓದಬಹುದು ನಿಜ, ಆದರೆ ಸಾಮಾನ್ಯವಾಗಿ ಅದಕ್ಕೆ ಬೀಗ ಹಾಕಿರುವುದರಿಂದ ಫೈಲನ್ನು ಬೇಕಾದ ಯಂತ್ರಕ್ಕೆ ಒಯ್ಯಲಾಗುವುದಿಲ್ಲ. ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿಯಲ್ಲಿ ಹಾಕಿಕೊಳ್ಳುವ ದಾರಿಯನ್ನೂ 2025ರ ಫೆಬ್ರವರಿಯಲ್ಲಿ ಮುಚ್ಚಿದರು. ದುಡ್ಡು ನಮ್ಮದು, ಬೀಗದ ಕೈ ಅವರದು.

ಪ್ರಶ್ನೆ: ಕೊಳ್ಳುವ ಮುಂಚೆ ಪುಸ್ತಕ ನಮಗೆ ಓದಲು ಬರುತ್ತದೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಉತ್ತರ: ಉಚಿತ ಸ್ಯಾಂಪಲ್ ಇಳಿಸಿಕೊಳ್ಳಿ. ಇದನ್ನು ಬಿಟ್ಟು ಕೊಳ್ಳಲೇಬೇಡಿ. ಎರಡು ಬೆರಳಲ್ಲಿ ಕೆಳಕ್ಕೆ ಎಳೆದು ಒಂದೇ ಸಮ ಓದಿಸಿ, ಪುಟ ತಾನಾಗಿ ತಿರುಗುತ್ತದಾ ಕೇಳಿ. (ಇದು ಐಫೋನಿನ ಮಾತು.) ಆಮೇಲೆ ಯಾವುದಾದರೂ ವಿಚಿತ್ರ ಹೆಸರಿನ ಹತ್ತಿರ ನಿಂತು ಒಂದೊಂದೇ ಅಕ್ಷರ ಓದಿಸಿ. ಪರಿವಿಡಿಯಿಂದ ಅಧ್ಯಾಯಕ್ಕೆ ಹೋಗಿ ನೋಡಿ. ಅಡಿಟಿಪ್ಪಣಿ ಇದ್ದರೆ ಅಲ್ಲಿಗೆ ಹೋಗಿ ವಾಪಸ್ ಬರೋಕೆ ಆಗುತ್ತದಾ ಅಂತಲೂ ನೋಡಿ, ಜಾಸ್ತಿ ಎಡವೋದು ಅಲ್ಲೇ. ಸ್ಯಾಂಪಲ್ ಪೂರ್ತಿ ಸದ್ದಿಲ್ಲದೆ ಕೂತಿದ್ದರೆ ಬಹುಶಃ ಪುಟಗಳೆಲ್ಲ ಬರೀ ಚಿತ್ರ ಅಂತ ಅರ್ಥ.

ಕಿಂಡಲ್ ಅಂಗಡಿಯಲ್ಲಿ ಪುಸ್ತಕದ ವಿವರಗಳ ಕೆಳಗೆ 'ಸ್ಕ್ರೀನ್ ರೀಡರ್: ಸಪೋರ್ಟೆಡ್' ಅಂತ ಇರುತ್ತದೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ 'ಫ್ಲೋಯಿಂಗ್ ಟೆಕ್ಸ್ಟ್' ಇದೆಯಾ ನೋಡಿ. ಬರೀ 'ಒರಿಜಿನಲ್ ಪೇಜಸ್' (ಅಂದರೆ ಪುಟದ ಚಿತ್ರ) ಅಂತಿದ್ದರೆ ನಾನಂತೂ ಮುಟ್ಟುವುದಿಲ್ಲ. ಗಣಿತ, ನಕ್ಷೆ, ಕೋಷ್ಟಕ ತುಂಬಿದ ಪುಸ್ತಕವಾದರೆ ಈ ಗುರುತುಗಳನ್ನೂ ನಂಬಬೇಡಿ. ಅಕ್ಷರ ಓದುತ್ತದೆ, ಚಿತ್ರ ಬಂದ ಕಡೆ 'ಇಮೇಜ್' ಅಂದು ಮುಂದಕ್ಕೆ ಹೋಗಿಬಿಡುತ್ತದೆ. ಚಿತ್ರದಲ್ಲಿ ಏನಿದೆ ಅಂತ ಯಾರಾದರೂ ಬರೆದಿಟ್ಟಿದ್ದರೆ ತಾನೇ ಅದು ಹೇಳೋದು?

ಪ್ರಶ್ನೆ: ನಾವು ಐದಾರು ಜನ ಸೇರಿ ಒಂದೇ ಪುಸ್ತಕ ಓದಿ ಚರ್ಚೆ ಮಾಡುತ್ತೇವೆ. ಕಣ್ಣು ಕಾಣದವಳು ನಾನೊಬ್ಬಳೇ. 'ಪುಟ 112 ತೆಗೀರಿ' ಅಂದಾಗ ನಾನು ಎಲ್ಲಿದ್ದೇನೋ ನನಗೇ ಗೊತ್ತಾಗಲ್ಲ. ನನ್ನ ಲೈಬ್ರರಿ ಪ್ರತಿಯನ್ನು ಅವರಿಗೂ ಕೊಡಬಹುದಾ?

ಉತ್ತರ: ಕೊಡುವ ಹಾಗಿಲ್ಲ. ಅರ್ಹತೆ ಇರುವ ಸದಸ್ಯರಿಗೆ ಮಾತ್ರ ಅಂತಲೇ ಅದನ್ನು ಕೊಟ್ಟಿರುತ್ತಾರೆ, ಸ್ನೇಹಿತರಾದರೂ ಬೇಡ. ಪುಟದ ತಾಪತ್ರಯಕ್ಕೆ ದಾರಿ ಇದೆ. ಮುದ್ರಿತ ಪ್ರತಿಯ ಪುಟಸಂಖ್ಯೆ ಹಾಕಿದ ಡೈಸಿ ಅಥವಾ ಇಪಬ್ (ಸಾಮಾನ್ಯ ಇ-ಪುಸ್ತಕದ ಫೈಲ್) ಸಿಕ್ಕರೆ, ಈಸಿರೀಡರ್ ಅಥವಾ ಥೋರಿಯಂ ಅನ್ನೋ ಓದುವ ಆ್ಯಪ್‌ನಲ್ಲಿ 112 ಅಂತ ಟೈಪ್ ಮಾಡಿದರೆ ಸಾಕು. ಸಂಖ್ಯೆ ಇಲ್ಲದ ಪ್ರತಿಯಾದರೆ ಆ ಪುಟದ ಮೊದಲ ನಾಲ್ಕೈದು ಪದ ಓದಿ ಹೇಳಿ ಅಂತ ಅವರನ್ನೇ ಕೇಳಿ, ಅದನ್ನು ಹುಡುಕು ಅಂತ ಕೊಡಿ. ಪುಟ ಹೇಳುವವರು ಬೇಕಾದರೆ ಅರ್ಧ ನಿಮಿಷ ಕಾಯಲಿ ಬಿಡಿ.