ಚಿಂಚೋಳಿ ಕಾಡಿಗೆ ಯಾವಾಗ ಹೋಗಬೇಕು?

ಪ್ರಶ್ನೆ: ಕಲಬುರಗಿ ಅಂದರೆ ಬರೀ ಬಿಸಿಲು, ತೊಗರಿ ಹೊಲ ಅಂತಾರೆ. ಹಾಗಿದ್ದರೆ ಚಿಂಚೋಳಿ ಕಡೆ ಕಾಡು, ಜಲಪಾತ ಹೇಗೆ ಬಂತು? ಮಕ್ಕಳನ್ನು ಕರೆದುಕೊಂಡು ಒಂದು ದಿನಕ್ಕೆ ಹೋಗಿ ಬರಬಹುದಾ?
– ಒಬ್ಬ ಓದುಗರು, ಕಲಬುರಗಿ

ಉತ್ತರ: ಖಂಡಿತ ಹೋಗಿ. ಸುಮಾರು 85 ಕಿ.ಮೀ. ಅಷ್ಟೇ, ಬೆಳಗ್ಗೆ ಬೇಗ ಹೊರಟರೆ ಸಂಜೆಗೆ ಮನೆ ಸೇರಬಹುದು. ಆದರೆ ಏಪ್ರಿಲ್, ಮೇನಲ್ಲಿ ಬೇಡ. ಎತ್ತಿಪೋತ ಮಳೆಯನ್ನೇ ನಂಬಿದ ಜಲಪಾತ. ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ, ಒಳ್ಳೆ ಮಳೆ ಬಿದ್ದು ನಾಲ್ಕೈದು ದಿನ ಆದ ಮೇಲೆ ಹೋಗಿ.

ನೀರಿನ ಗುಟ್ಟು ನೆಲದಲ್ಲಿದೆ. ಜಿಲ್ಲೆಯ ಬಹುಪಾಲು ಯರೆ ಭೂಮಿ, ಚಿಂಚೋಳಿಯ ಎತ್ತರದ ಕಡೆ ಮಾತ್ರ ಬೀದರಿನಂತೆ ಕೆಂಪು ಜಂಬಿಟ್ಟಿಗೆ ಕಲ್ಲು. ಅದರ ತುಂಬ ಸಣ್ಣ ಸಣ್ಣ ತೂತು, ಮಳೆ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಕೆಳಗಿರುವ ಗಟ್ಟಿ ಪದರಕ್ಕೆ ಬಂದಾಗ ನೀರು ಇನ್ನೂ ಕೆಳಗೆ ಇಳಿಯಲಾಗದೆ ಅಡ್ಡಕ್ಕೆ ಹರಿದು, ಇಳಿಜಾರಿನಲ್ಲಿ ಎಲ್ಲೋ ಒಂದು ಕಡೆ ಝರಿಯಾಗಿ ಹೊರಗೆ ಬರುತ್ತದೆ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ನೀವು ನೋಡೋದೂ ಇದನ್ನೇ. ಬಹಮನಿ ಕಾಲದವರು ಅಲ್ಲಿ ಸುರಂಗ ಬಾವಿ ತೋಡಿದ್ದೂ ಈ ನೀರನ್ನು ನಂಬಿಯೇ!

ಅದರ ಮೇಲೆ ಕಾಡು ಇದೆ. ತರಗೆಲೆ, ಬೇರು ಮಳೆಯ ರಭಸ ತಡೆಯುತ್ತವೆ, ಮಣ್ಣು ಕೊಚ್ಚಿ ಹೋಗಿ ಕೆರೆಯಲ್ಲಿ ಹೂಳು ತುಂಬೋದು ಕಡಿಮೆಯಾಗುತ್ತದೆ. ಸುಮಾರು 135 ಚದರ ಕಿ.ಮೀ. ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ತೇಗ, ಶ್ರೀಗಂಧ, ರಕ್ತಚಂದನ ಇವೆ. ತೋಳ, ಕತ್ತೆಕಿರುಬ, ಕೃಷ್ಣಮೃಗ, ಕೊಂಡುಕುರಿ ಕೂಡ ಇವೆ, ಆದರೆ ಕಣ್ಣಿಗೆ ಬಿದ್ದೇ ಬೀಳುತ್ತವೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ. ಚಂದ್ರಂಪಳ್ಳಿ ಜಲಾಶಯ ಈ ಕಾಡಿನ ಒಳಗೇ ಇದೆ, ಸುತ್ತ ಗುಡ್ಡ. ನನ್ನ ಮಟ್ಟಿಗೆ ಜಲಪಾತಕ್ಕಿಂತ ಅದೇ ಚೆಂದ. ಕಾಡಿನೊಳಗೆ ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ.

ಬರುವಾಗ ಸೇಡಂ, ಮಳಖೇಡ ಮೇಲಿಂದ ಬನ್ನಿ. ಕಾಡಿನ ನೀರೂ ಇದೇ ಕಡೆ ಹರಿಯುತ್ತದೆ: ಚಂದ್ರಂಪಳ್ಳಿಯ ಹಳ್ಳ ಮುಲ್ಲಾಮಾರಿ ನದಿ ಸೇರುತ್ತದೆ, ಮುಲ್ಲಾಮಾರಿ ಕಾಗಿಣಾ ನದಿಗೆ, ಕಾಗಿಣಾ ಭೀಮೆಗೆ. ಕಾಡಿನಲ್ಲಿ ಜಂಬಿಟ್ಟಿಗೆ ನೋಡಿದ ಮಕ್ಕಳಿಗೆ ಸೇಡಂ ಸುತ್ತ ಸುಣ್ಣದ ಕಲ್ಲು ತೋರಿಸಿ, ನಮ್ಮ ಮನೆಗಳಿಗೆ ಹಾಸಿರುವ ಪರಸಿಯೂ ಅಂಥದೇ ಕಲ್ಲು. ಮಳಖೇಡದಲ್ಲಿ ಕಾಗಿಣಾ ದಡದಲ್ಲೇ ಕೋಟೆ ಇದೆ, ರಾಷ್ಟ್ರಕೂಟರ ಮಾನ್ಯಖೇಟ ಇದೇ ಅಲ್ವಾ! ಅರ್ಧ ಗಂಟೆಯಾದರೂ ಇಳಿದು ನೋಡಿ.

ಪ್ರಶ್ನೆ: ಜಲಾಶಯದಲ್ಲಿ, ಜಲಪಾತದ ಗುಂಡಿಯಲ್ಲಿ ಹುಡುಗರು ಈಜುತ್ತಾರೆ. ನಾವೂ ಇಳಿಯಬಹುದಾ?
– ಕಾಲೇಜು ವಿದ್ಯಾರ್ಥಿ, ಸೇಡಂ

ಉತ್ತರ: ಬೇಡ. ಜಲಾಶಯದ ತಳದಲ್ಲಿ ಹೂಳು, ಕಾಲು ಸಿಕ್ಕಿಕೊಳ್ಳುತ್ತದೆ, ಆಳ ಮೇಲಿಂದ ತಿಳಿಯೋದಿಲ್ಲ. ಜಲಪಾತದ ಬಂಡೆಗಳ ಮೇಲೆ ಪಾಚಿ. ನೀವು ನಿಂತ ಕಡೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆಯಾದರೆ ಹಳ್ಳ ಒಮ್ಮೆಲೇ ಏರುತ್ತದೆ. ತಿಳಿಯಾಗಿದ್ದ ನೀರು ಕೆಂಪಾಗಿ, ಕಸಕಡ್ಡಿ ತೇಲಿ ಬರತೊಡಗಿದರೆ ಸಾಮಾನು ಬಿಟ್ಟಾದರೂ ಸರಿ, ಮೊದಲು ದಡ ಹತ್ತಿ.