ಕೇಳ್ರಿ, ಹೇಳ್ತೀನಿ: ಹಾರಿದ ಪತ್ರಾಸು, ನೆನೆದ ನೂಲು

ಪ್ರಶ್ನೆ: ಅಣ್ಣಾವ್ರೆ, ನಮಸ್ಕಾರ. ಮನೆಗೆ ಹತ್ತಿದ ಶೆಡ್ಡಿನಲ್ಲಿ ನಮ್ಮವು 6 ಪವರ್‌ಲೂಮ್ ಇವೆ. ಹೋದ ವರ್ಷ ಭರಣಿ ಮಳೆಯ ಗಾಳಿಗೆ 11 ಪತ್ರಾಸು (ತಗಡಿನ ಶೀಟು) ಹಾರಿದವು. ನೂಲು ನೆನೆಯಿತು, ಎರಡು ಮೋಟಾರು ಸುಟ್ಟವು, 20 ದಿನ ಮಗ್ಗ ನಿಂತವು. ಈ ಸಲ ಯಜಮಾನರು ಪತ್ರಾಸಿನ ಮೇಲೆ ಕಲ್ಲು ಹೇರಿದ್ದಾರೆ. ಅಷ್ಟು ಸಾಕಾ? ಸಾಲ ಕೊಟ್ಟ ಬ್ಯಾಂಕಿನವರು ವಿಮೆ ಮಾಡಿಸಿದ್ದಾರಂತೆ. ಅದನ್ನು ನಂಬಿ ಕೂರಬಹುದಾ?
(ಓದುಗರು, ಬನಹಟ್ಟಿ)

ಉತ್ತರ: ಅಕ್ಕಾವ್ರೆ, ಮೊದಲು ಆ ಕಲ್ಲು ಕೆಳಗಿಳಿಸಲು ಹೇಳಿ. ನಾನೂ ರಬಕವಿಯಲ್ಲಿ 8 ಮಗ್ಗ ಇಟ್ಟುಕೊಂಡಿದ್ದವನು, ನನ್ನ ಶೆಡ್ಡಿನ ಮೇಲೂ ಕಲ್ಲಿದ್ದವು. ಗಾಳಿ ಬಂದ ದಿನ ಒಂದು ಕಲ್ಲು ಜಾರಿ ಸೀದಾ ಹಾಸಿನ ಬೀಮಿನ (ಉದ್ದದ ನೂಲು ಸುತ್ತಿದ ಉರುಳೆಯ) ಮೇಲೆ ಬಿತ್ತು. ಮಗ್ಗದ ಮುಂದೆ ಯಾರೂ ನಿಂತಿರಲಿಲ್ಲ, ಪುಣ್ಯ.

ಗಾಳಿ ಪತ್ರಾಸನ್ನು ಒತ್ತುವುದಿಲ್ಲ, ಎತ್ತುತ್ತದೆ. ಅದೂ ಅಂಚಿನಿಂದ, ಮೂಲೆಯಿಂದ ಶುರು. ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿಂದಲೂ ನೂಕುತ್ತದೆ. ಸೆಕೆ ಅಂತ ಬಾಗಿಲು ತೆರೆದಿಡುವವರು ನಾವೇ ಅಲ್ವಾ? ಮೋಡ ಕಪ್ಪಾದ ಕೂಡಲೇ ಮುಚ್ಚಿ. ಅಂಚಿನ ಸಾಲಿನ ಬೋಲ್ಟು ಒತ್ತೊತ್ತಾಗಿರಲಿ. ಏಣಿ ಹಾಕಿ ಒಂದೊಂದೇ ನೋಡಿ. ಬೋಲ್ಟಿನ ಕೆಳಗಿನ ವಾಯ್ಸರ್ (ರಬ್ಬರ್ ಬಿಲ್ಲೆ) ಒಣಗಿ ಪುಡಿಯಾಗಿದ್ದರೆ ತೂತಿನ ಸುತ್ತ ತುಕ್ಕು ಹಿಡಿದಿರುತ್ತದೆ. ಅಂಥಲ್ಲಿ ಬೋಲ್ಟು ಅಲ್ಲೇ ಉಳಿದು, ಪತ್ರಾಸು ಕಾಗದದ ಹಾಗೆ ಹರಿದು ಹೋಗುತ್ತದೆ. ನನ್ನವು ಹಾರಿದ್ದೂ ಹಾಗೇ. ಅಡ್ಡಲಾಗಿ ಕಬ್ಬಿಣದ ಪಟ್ಟಿ ಹಾಯಿಸಿ, ಪತ್ರಾಸಿನ ಕೆಳಗಿನ ಕಬ್ಬಿಣಕ್ಕೆ ಸೇರಿಸಿ ಬಿಗಿಸಿ. ಈ ಕೆಲಸ ಯುಗಾದಿ ಹೊತ್ತಿಗೆ ಮುಗಿಯಬೇಕು. ಅಶ್ವಿನಿ ಮಳೆ ಶುರುವಾದ ಮೇಲೆ ವೆಲ್ಡಿಂಗಿನವನು ಕೈಗೆ ಸಿಗುವುದಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಸಾಮಾನು ಎತ್ತಿಡಲು ಅಷ್ಟಿಷ್ಟು ಹೊತ್ತಾದರೂ ಸಿಕ್ಕಿತ್ತು. ಬೇಸಿಗೆಯ ಗಾಳಿ ಅರ್ಧ ಗಂಟೆಯನ್ನೂ ಕೊಡುವುದಿಲ್ಲ. ಹಾಗಾಗಿ ನೂಲಿನ ಚೀಲ ಯಾವಾಗಲೂ ಹಲಗೆಯ ಮೇಲೇ ಇರಲಿ, ತಾಡಪತ್ರಿ ಕೈಗೆಟುಕುವಂತಿರಲಿ. ಗುಡುಗು ಕೇಳಿದರೆ ಮೇನ್ ಆಫ್.

ಇನ್ನು ಮಳೆ ನಿಂತ ಮೇಲಿನ ಮಾತು. ನಾನು ದೊಡ್ಡ ತಪ್ಪು ಮಾಡಿದ್ದು ಇಲ್ಲೇ. ಬೆಳಗಾಗುವುದರೊಳಗೆ ನಾನೂ ನಮ್ಮ ಮನೆಯವಳೂ ಸೇರಿ ಎಲ್ಲ ಗುಡಿಸಿ, ಹರಿದ ಪತ್ರಾಸು, ಕೆಸರಾದ ನೂಲು ಎಲ್ಲವನ್ನೂ ಮೋಡಕಾದವನಿಗೆ (ಗುಜರಿಯವನಿಗೆ) ಕೊಟ್ಟುಬಿಟ್ಟೆವು. ಬಂದವರು ನೋಡಿದರೆ ನಾಚಿಕೆ ಅಂತ! ಮೂರನೇ ದಿನ ವಿಮೆಯ ಸರ್ವೇಯರ್ ಬಂದ. ಸುತ್ತ ನೋಡಿ, "ಹಾನಿ ಎಲ್ಲಿದೆ ತೋರಿಸಿ" ಅಂದ. ತೋರಿಸಲು ಏನಿತ್ತು? ಉಳಿದದ್ದಕ್ಕಷ್ಟೇ ಹಣ ಬಂತು.

ನೀವು ಮಾತ್ರ ಒಪ್ಪ ಮಾಡುವ ಮೊದಲು ಫೋಟೋ, ವಿಡಿಯೋ ತೆಗೆಯಿರಿ. ವಿಮೆಯವರಿಗೆ ಅವತ್ತೇ ತಿಳಿಸಿ. ನೆನೆದ ನೂಲನ್ನು ಗುಡ್ಡೆ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಬಣ್ಣದ್ದು ಬೇರೆ, ಬಿಳಿಯದು ಬೇರೆ ಮಾಡಿ ನೆರಳಲ್ಲಿ ಹರವಿ. ಕೆಟ್ಟದ್ದನ್ನೂ ಸರ್ವೇಯರ್ ನೋಡುವ ತನಕ ಎಸೆಯಬೇಡಿ. ನಿಮ್ಮ ಮೋಟಾರು ಸುಟ್ಟದ್ದು, ಬಹುಶಃ, ಹಸಿ ಇರುವಾಗಲೇ ಸ್ವಿಚ್ ಹಾಕಿದ್ದಕ್ಕೆ. ಮೋಟಾರಿನೊಳಗಿನ ತಂತಿ ಸುತ್ತು, ಅಂದರೆ ವೈಂಡಿಂಗ್ ಒಣಗಿಸಿ, ಮೆಗ್ಗರ್ (ಕರೆಂಟು ಸೋರುತ್ತದಾ ಅಂತ ನೋಡುವ ಮೀಟರು) ಹಚ್ಚಿ ನೋಡಿದ ಮೇಲೆಯೇ ಕರೆಂಟು ಕೊಡಬೇಕು. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ ಕರೆಂಟಿನ ಕಂಪನಿ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಬ್ಯಾಂಕಿನ ವಿಮೆ ನಂಬಿ ಸುಮ್ನೆ ಕೂರಬೇಡಿ. ಪಾಲಿಸಿ ಪ್ರತಿ ಕೇಳಿ ಇಸಿದುಕೊಳ್ಳಿ. ಸಾಲದ ಮಟ್ಟಿಗಷ್ಟೇ ಮಾಡಿಸಿರಬಹುದು. ಮಗ್ಗ ಸೇರಿದೆಯಾ, ನೂಲು ಸೇರಿದೆಯಾ, ಶೆಡ್ಡು ಸೇರಿದೆಯಾ, ಮೂರನ್ನೂ ನೋಡಿ. 10 ಲಕ್ಷದ ಸೊತ್ತಿಗೆ 5 ಲಕ್ಷದ ವಿಮೆ ಇದ್ದರೆ ಹಾನಿಯ ಹಣದಲ್ಲೂ ಅದೇ ಲೆಕ್ಕದಲ್ಲಿ ಕಡಿತ ಮಾಡುತ್ತಾರೆ. 2021ರ ಏಪ್ರಿಲ್‌ನಿಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಅಂತ ಪಾಲಿಸಿ ಇದೆ. 5 ಕೋಟಿವರೆಗಿನ ಸೊತ್ತಿಗೆ ಅದು ಸಿಗುತ್ತದೆ, ಬಿರುಗಾಳಿ, ಪ್ರವಾಹ, ಸಿಡಿಲು ಎಲ್ಲ ಅದರಲ್ಲಿವೆ. ನೂಲಿನ ಬಿಲ್ಲುಗಳನ್ನು ಶೆಡ್ಡಿನ ಗೂಟಕ್ಕೆ ಚುಚ್ಚಿಡಬೇಡಿ, ಫೋನಿನಲ್ಲಿ ಫೋಟೋ ಹೊಡೆದು ಮಗನಿಗೂ ಕಳಿಸಿಡಿ.

ಪ್ರಶ್ನೆ: ಸಿಡಿಲಿಗೆ ನಮ್ಮ ಕಿರಾಣಿ ಅಂಗಡಿಯ ಬಿಲ್ಲಿನ ಕಂಪ್ಯೂಟರ್ ಸುಟ್ಟಿತು. ಸ್ವಿಚ್ ಆಫ್ ಮಾಡಿದ್ದೆ!
(ಓದುಗರು, ವಿಜಯಪುರ)

ಉತ್ತರ: ಸ್ವಿಚ್ ಆಫ್ ಸಾಲದು ತಮ್ಮಾ, ಪ್ಲಗ್ಗನ್ನೇ ಕೀಳಬೇಕು. ಇಂಟರ್ನೆಟ್ಟಿನ ವೈರನ್ನೂ. ಪುಣೆಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆಪ್ ಹಾಕಿಕೊಳ್ಳಿ, ಹತ್ತಿರದಲ್ಲಿ ಸಿಡಿಲಿದ್ದರೆ ತಿಳಿಸುತ್ತದೆ. ಅಂಗಡಿಯ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಯಾರಾದರೂ ಒಂದು ಕೊಡ ನೀರು ಹಾಕಿದ್ದಾರಾ, ಅದನ್ನೂ ವಿಚಾರಿಸಿ.