ಅರವತ್ತರ ಕ್ಯಾಸೆಟ್, ಎಂಬತ್ತು ನಿಮಿಷದ ಆಲ್ಬಂ

ರೂಮ್‌ಮೇಟ್ ಬಾಯಿ ಮುಚ್ಚಿಸಬೇಕು, ಯೋಗ್ಯತೆಗಿಂತ ಜಾಸ್ತಿ ಹೊಗಳಿಸಿಕೊಂಡ ಪ್ರಾಗ್ ರಾಕ್ (ಪ್ರೋಗ್ರೆಸಿವ್ ರಾಕ್, ಉದ್ದುದ್ದ ಹಾಡುಗಳ ರಾಕ್ ಸಂಗೀತ) ಆಲ್ಬಂಗಳ ಪಟ್ಟಿ ಕೊಡಿ ಅಂತ ಕೇಳಿದ್ದೀರಿ. ನೀವು ಎತ್ತಿದ ಮೊದಲ ಹೆಸರೇ ಯೆಸ್ ಬ್ಯಾಂಡಿನ ‘ಟೇಲ್ಸ್ ಫ್ರಂ ಟೊಪೊಗ್ರಾಫಿಕ್ ಓಶನ್ಸ್’. ಅದನ್ನು ಬೈಯಲು ಹೋಗಿ ನಾನು ಒಂದು ವಾಕ್‌ಮನ್ ಕಳೆದುಕೊಂಡಿದ್ದೇನೆ ಮಾರಾಯ್ರೆ.

1996. ಮಂಗಳೂರಿನಲ್ಲಿ ಕಾಲೇಜು. ಹಂಪನಕಟ್ಟೆ ಹತ್ತಿರದ ಒಂದು ಅಂಗಡಿಯಲ್ಲಿ ಸಿಡಿಯಿಂದ ಕ್ಯಾಸೆಟ್ಟಿಗೆ ಹಾಡು ತುಂಬಿಸಿ ಕೊಡುತ್ತಿದ್ದರು. ಈ ಆಲ್ಬಂ 1973ರದ್ದು, ಎರಡು ಎಲ್‌ಪಿ (ಗ್ರಾಮಫೋನ್ ತಟ್ಟೆ), ನಾಲ್ಕು ಬದಿ, ಬದಿಗೊಂದೇ ಹಾಡು, ಒಟ್ಟು ಎಂಬತ್ತು ನಿಮಿಷದ ಮೇಲೆ. ತೊಂಬತ್ತು ನಿಮಿಷದ ಕ್ಯಾಸೆಟ್ ಬೇಕಿತ್ತು. ಅದರಲ್ಲಿ ಒಂದು ಬದಿಗೆ 45 ನಿಮಿಷ, ಎರಡೆರಡು ಹಾಡು ಸಲೀಸಾಗಿ ಹಿಡಿಯುತ್ತಿತ್ತು. ನಾನು ದುಡ್ಡು ಉಳಿಸಲು ಅರವತ್ತರದ್ದು ಸಾಕು ಅಂದೆ. ಅಂಗಡಿಯವರು, "ಪೂರ್ತಿ ಬರುವುದಿಲ್ಲ, ಆಯ್ತಾ?" ಅಂತ ಹೇಳಿಯೇ ಹೇಳಿದರು. ಹಿಡಿದಷ್ಟು ಹಾಕಿ ಅಂದೆ. ಹಾಗಾಗಿ ಒಂದು ಬದಿಯಲ್ಲಿ ಮೊದಲ ಹಾಡು ಪೂರ್ತಿ, ಎರಡನೆಯದು ಅರ್ಧ. ಮಗುಚಿದರೆ ಮೂರನೆಯದು ಪೂರ್ತಿ, ನಾಲ್ಕನೆಯದು ಅರ್ಧ. ತಪ್ಪು ಇಷ್ಟೇ ಆಗಿದ್ದರೆ ನಡೆಯುತ್ತಿತ್ತು. ಆದರೆ ಕೇಳಿ ಕೇಳಿ, ಅದು ಅರ್ಧ ಅನ್ನುವುದೇ ನನಗೆ ಮರೆತುಹೋಯಿತು. ಟೇಪು ಮುಗಿದ ಕಡೆಯೇ ಹಾಡು ಮುಗಿಯಿತು ಅಂತ ಕಿವಿ ಒಪ್ಪಿಕೊಂಡುಬಿಟ್ಟಿತು. ಆಲ್ಬಂ ಚೆನ್ನಾಗಿಲ್ಲ ಅನ್ನಲು ನನ್ನ ಹತ್ತಿರ ಇದ್ದ ದೊಡ್ಡ ಸಾಕ್ಷಿಯೂ ಅದೇ: "ಇವರಿಗೆ ಹಾಡು ಮುಗಿಸಲು ಬರುವುದಿಲ್ಲ, ಸಿಟಿ ಬಸ್ ಬ್ರೇಕ್ ಹಾಕಿದ ಹಾಗೆ ನಿಲ್ಲಿಸುತ್ತಾರೆ."

ಇನ್ನೊಂದು ತಮಾಷೆ ಉಂಟು. ಯೆಸ್ ಬ್ಯಾಂಡಿನ ಹಾಡುಗಾರ ಜಾನ್ ಆಂಡರ್ಸನ್‌ಗೆ ಈ ಆಲ್ಬಂ ಹೊಳೆದದ್ದು ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯಿಂದ. ಶ್ರುತಿ, ಸ್ಮೃತಿ, ಪುರಾಣ, ತಂತ್ರ, ಒಂದೊಂದಕ್ಕೆ ಒಂದೊಂದು ಬದಿ. ನನ್ನ ಕ್ಯಾಸೆಟ್ಟಿನಲ್ಲಿ ಸ್ಮೃತಿ ಅರ್ಧ, ತಂತ್ರ ಅರ್ಧ!

ನಮ್ಮದೊಂದು ಬ್ಯಾಂಡ್ ಇತ್ತು, ನಾನು ಕೀಬೋರ್ಡ್. ಗಿಟಾರ್ ಬಾರಿಸುವವನಿಗೆ ಈ ಆಲ್ಬಂ ಅಂದರೆ ಪ್ರಾಣ, ಅವನ ಅಣ್ಣ ದುಬೈಯಿಂದ ಸಿಡಿ ತಂದುಕೊಟ್ಟಿದ್ದ. ಒಂದು ಸಂಜೆ ಎಲ್ಲರ ಎದುರು ನನ್ನ ಬ್ರೇಕಿನ ಮಾತು ಹೇಳಿದೆ. ಅವನು ಪಂಥ ಕಟ್ಟಿದ. ಮಸ್ಕತ್ ಮಾವ ಕೊಟ್ಟ ವಾಕ್‌ಮನ್ ನಾನು ಮುಂದಿಟ್ಟೆ. ಅವನು ನಾಲ್ಕನೇ ಹಾಡು ಹಾಕಿದ. ನನ್ನ ಟೇಪು ನಿಲ್ಲುವ ಜಾಗ ದಾಟಿತು. ಆಮೇಲೆ ಚೆಂಡೆ ಏರುವ ಹಾಗೆ ಡ್ರಮ್ಮುಗಳು ಏರಿದವು, ಎಲ್ಲ ತಣ್ಣಗಾಗಿ ದನಿ ಮೆಲ್ಲ ಬಂತು, ಕೊನೆಗೆ ಗಿಟಾರ್. ಅಷ್ಟು ಚೆಂದದ ಮುಗಿತಾಯ ನಾನು ಜಾಸ್ತಿ ಕೇಳಿಲ್ಲ. ಆದರೂ ಒಪ್ಪಿಕೊಳ್ಳಲಿಲ್ಲ, ಮೂರನೇ ಹಾಡು ಬೋರ್ ಅಂತ ವಾದ ತಿರುಗಿಸಿದೆ, ವಾಕ್‌ಮನ್ ಮೇಜಿನ ಮೇಲೆ ಬಿಸಾಡಿ ಎದ್ದು ಬಂದೆ. ಬ್ಯಾಂಡ್ ಅಲ್ಲಿಗೆ ಮುಗಿಯಿತು. ಅವನೂ ನಾನೂ ಮಾತಾಡಲು ಹತ್ತು ವರ್ಷ ಹಿಡಿಯಿತು.

ಮೂರನೇ ಹಾಡು ಬೋರ್ ಅಂತ ಈಗಲೂ ಹೇಳುತ್ತೇನೆ, ಅದು ಬೇರೆ ವಿಷಯ. ಯಕ್ಷಗಾನಕ್ಕೇ ಕಾಲಮಿತಿ ಬಂದಿರುವಾಗ ಇವರಿಗೆ ಎಂತ ಧಾಡಿ? ಯೆಸ್ ಬ್ಯಾಂಡಿನ ಕೀಬೋರ್ಡಿನ ರಿಕ್ ವೇಕ್‌ಮನ್‌ಗೂ ಈ ಆಲ್ಬಂ ಎಳೆದದ್ದು ಜಾಸ್ತಿ ಅಂತಲೇ ಅನಿಸಿತ್ತು. ಮ್ಯಾಂಚೆಸ್ಟರ್‌ನಲ್ಲಿ ವೇದಿಕೆ ಮೇಲೆಯೇ ಕರಿ (ನಮ್ಮ ಮಸಾಲೆ ಪದಾರ್ಥ) ತಿಂದ ಪುಣ್ಯಾತ್ಮ, 1974ರಲ್ಲಿ ಬ್ಯಾಂಡೇ ಬಿಟ್ಟ. ಉಳಿದ ಬ್ಯಾಂಡ್‌ಗಳಿಗೆ ಬಂದರೆ, ಕಿಂಗ್ ಕ್ರಿಮ್ಸನ್‌ನ 1969ರ ಮೊದಲ ಆಲ್ಬಂ ಬಂಗಾರ, ಆದರೆ ಅದರ ‘ಮೂನ್‌ಚೈಲ್ಡ್’ ಎರಡು ನಿಮಿಷ ಹಾಡಿ ಉಳಿದ ಹತ್ತು ನಿಮಿಷ ಮದ್ದಳೆ ಶ್ರುತಿ ಮಾಡಿದ ಹಾಗೆ ಟಿಂಗ್ ಟಿಂಗ್. ಎಮರ್ಸನ್, ಲೇಕ್ ಆಂಡ್ ಪಾಮರ್ ನನಗೆ ಆಗುವುದೇ ಇಲ್ಲ, ಬೆರಳಿನ ಕಸರತ್ತು. ಪಿಂಕ್ ಫ್ಲಾಯ್ಡ್‌ನ ‘ಡಾರ್ಕ್ ಸೈಡ್ ಆಫ್ ದ ಮೂನ್’ ಬೈಯುವವರು ಸುಮ್ನೆ ಬೈಯುವುದು. 43 ನಿಮಿಷದಲ್ಲಿ ಮುಗಿಸುತ್ತಾರೆ, ಅವರಿಗೆ ಏನು ಹೇಳುವುದು?

ನೋಡಿ, ಪಟ್ಟಿ ಕೊಟ್ಟೇಬಿಟ್ಟೆ. ಆದರೆ ಅದನ್ನು ರೂಮ್‌ಮೇಟ್ ಎದುರು ಹಿಡಿಯಬೇಡಿ. ‘ಜಾಸ್ತಿ ಹೊಗಳಿದ್ದಾರೆ’ ಅನ್ನುವುದು ಹೊಗಳಿದವರ ಮೇಲಿನ ಸಿಟ್ಟು, ಹಾಡಿನ ಮಾತಲ್ಲ. ನಿಮಗೆ ಯಾವ ನಿಮಿಷದಲ್ಲಿ ಬೇಸರ ಬಂತು, ಅದನ್ನು ಹೇಳಿ, ಅವನೂ ಕೇಳಿಯಾನು.

ಆ ಗಿಟಾರಿನವನು ಈಗ ಉಡುಪಿಯಲ್ಲಿದ್ದಾನೆ. 2003ರಲ್ಲಿ ಈ ಆಲ್ಬಂ ಮತ್ತೆ ಬಿಟ್ಟಾಗ ಮೊದಲ ಹಾಡಿನ ಆರಂಭಕ್ಕೆ ಹಿಂದೆ ಕತ್ತರಿಸಿದ್ದ ಎರಡು ನಿಮಿಷ ಸೇರಿಸಿದ್ದರು. ಎಷ್ಟೋ ವರ್ಷ ಕಳೆದು ಅದು ನನಗೆ ಗೊತ್ತಾದದ್ದೇ ಅವನಿಗೆ ಫೋನ್ ಮಾಡಿದೆ. ನಿನ್ನದೂ ಪೂರ್ತಿ ಇರಲಿಲ್ಲವಲ್ಲ, ವಾಕ್‌ಮನ್ ವಾಪಸ್ ಕೊಡು ಅಂದೆ. ಮಳೆಗಾಲದ ತೇವಕ್ಕೆ ಅದು ಯಾವಾಗಲೋ ಹಾಳಾಗಿ ಹೋಯಿತಂತೆ. ಬೆಲ್ಟ್ ಕ್ಲಿಪ್ ಮಾತ್ರ ಉಂಟು, ಬೇಕಾ ಅಂದ.